ಯಂತ್ರಕ್ಕೆ ನುಡಿ ಕಲಿಸಿದ ಕೆಂಪೆಲೆನ್

ಮಾತನಾಡುವ ಯಂತ್ರ ಇಂದು ಅಚ್ಚರಿಯ ವಸ್ತುವಾಗಿ ಉಳಿದಿಲ್ಲ. ಅಂಗೈಯಲ್ಲಿ ಹಿಡಿದ ದೂರವಾಣಿಯನ್ನು ಕನ್ನಡದಲ್ಲಿ ಕೇಳಿದರೆ ಅದು ಕನ್ನಡದಲ್ಲಿಯೇ ಉತ್ತರ ಕೊಡುತ್ತದೆ. ರೋಬಾಟ್ ಎಂದು ನಾವು ಕರೆಯುವ ಯಂತ್ರಮಾನವರಲ್ಲಿ ಕೆಲವು ಮನುಷ್ಯನ ಮಾತಿಗೆ ಕಿವಿಗೊಟ್ಟು, ತಕ್ಕ ಮರುನುಡಿಯನ್ನು ಆಡಬಲ್ಲವು. ಇಂತಹ ಯಂತ್ರಕ್ಕೆ ಎರಡು ಶಕ್ತಿಗಳು ಅವಶ್ಯವಷ್ಟೆ: ಕೇಳಿದುದನ್ನು ತಿಳಿಯುವ ಶಕ್ತಿ ಒಂದು, ತಿಳಿದುದನ್ನು ನುಡಿಯುವ ಶಕ್ತಿ ಇನ್ನೊಂದು. ಗಣಕಯಂತ್ರಗಳ ಹೆಸರೂ ಇಲ್ಲದಿದ್ದ ಹದಿನೆಂಟನೆಯ ಶತಮಾನದಲ್ಲಿ ಈ ಎರಡು ಶಕ್ತಿಗಳನ್ನು ಕುರಿತು ಎರಡು ಯಂತ್ರಗಳನ್ನು ಕಟ್ಟಿದವನೊಬ್ಬನಿದ್ದನು. ಅವನ ಹೆಸರು ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್. ಅವನ ಒಂದು ಯಂತ್ರ ತಿಳಿವಿರುವಂತೆ ನಟಿಸಿತು. ಇನ್ನೊಂದು ಯಂತ್ರ ನಿಜವಾಗಿಯೇ ನುಡಿಯಿತು. ಲೋಕವು ನಟಿಸಿದ ಯಂತ್ರವನ್ನು ಕೊಂಡಾಡಿತು, ನುಡಿದ ಯಂತ್ರವನ್ನು ಬಹುಮಟ್ಟಿಗೆ ಮರೆಯಿತು. ಆ ಕಟ್ಟಾಳಿನ ಬಾಳಿನ ಸ್ವಾರಸ್ಯವೂ ನೋವೂ ಅಡಗಿರುವುದು ಇಲ್ಲಿಯೇ.

ಕೆಂಪೆಲೆನ್ ಹುಟ್ಟಿದ್ದು 1734ನೆಯ ಇಸವಿ ಜನವರಿ 23ರಂದು, ಡ್ಯಾನ್ಯೂಬ್ ನದಿಯ ದಡದ ಪ್ರೆಸ್‌ಬರ್ಗ್ ನಗರದಲ್ಲಿ. ಆಗ ಅದು ಹಂಗೆರಿ ರಾಜ್ಯಕ್ಕೆ ಸೇರಿತ್ತು. ಇಂದು ಅದೇ ಊರು ಬ್ರಾಟಿಸ್ಲಾವ ಎಂಬ ಹೆಸರಿನಿಂದ ಸ್ಲೊವಾಕಿಯ ದೇಶದ ರಾಜಧಾನಿಯಾಗಿದೆ. ಜರ್ಮನ್, ಹಂಗೇರಿಯನ್, ಸ್ಲೊವಾಕ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಊರು ಅದು. ನ್ಯಾಯಸ್ಥಾನದ ಭಾಷೆಯಾಗಿ ಲ್ಯಾಟಿನ್ ಬೇರೆ ಇತ್ತು. ನುಡಿಗಳ ಇಂತಹ ಸಂತೆಯಲ್ಲಿ ಬೆಳೆದ ಹುಡುಗನ ಕಿವಿ ಧ್ವನಿಭೇದಗಳಿಗೆ ಸೂಕ್ಷ್ಮವಾದುದರಲ್ಲಿ ಆಶ್ಚರ್ಯವಿಲ್ಲ. ನ್ಯಾಯಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಓದಿದ ಅವನು ಇಪ್ಪತ್ತರ ಹರೆಯದಲ್ಲಿಯೇ ವಿಯೆನ್ನಾದ ಆಸ್ಥಾನವನ್ನು ಸೇರಿದನು. ಹಂಗೆರಿಯ ಕಾನೂನುಗಳನ್ನು ಲ್ಯಾಟಿನ್ನಿನಿಂದ ಜರ್ಮನ್ ಭಾಷೆಗೆ ತರುವ ಕೆಲಸ ಅವನಿಗೆ ಒದಗಿತು. ಅದನ್ನು ಅವನು ನೆರವೇರಿಸಿದ ರೀತಿಯನ್ನು ಕಂಡು ರಾಣಿ ಮರಿಯಾ ತೆರೇಸಳು ಮೆಚ್ಚಿದಳು. ಯಂತ್ರಶಿಲ್ಪಿಯೆಂದು ಹೆಸರಾದವನು ಮೊದಲು ಮನ್ನಣೆ ಪಡೆದದ್ದು ಭಾಷಾಂತರಕಾರನಾಗಿ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಅಲ್ಲಿಂದ ಮುಂದೆ ನಾಲ್ಕು ದಶಕಗಳಿಗೂ ಮೀರಿ ಅವನದು ಸರ್ಕಾರಿ ಅಧಿಕಾರಿಯ ಬಾಳು. ಹಂಗೆರಿಯ ಉಪ್ಪಿನ ಗಣಿಗಳ ಮೇಲ್ವಿಚಾರಣೆ ಅವನ ಪಾಲಿಗೆ ಬಂದಿತು. ಬನಾತ್ ಪ್ರಾಂತದಲ್ಲಿ ವಲಸೆ ಬಂದ ಜನರಿಗೆ ನೆಲೆ ಕಲ್ಪಿಸುವ ಕಾರ್ಯದಲ್ಲಿಯೂ ಅವನು ದುಡಿದನು. ಷೋನ್‌ಬ್ರುನ್ ಅರಮನೆಯ ಕಾರಂಜಿಗಳಿಗೆ ನೀರೊದಗಿಸುವ ಏರ್ಪಾಡು, ಬುಡಾ ಕೋಟೆಯ ರಂಗಮಂದಿರ, ಉಗಿಯಿಂದ ನಡೆಯುವ ಯಂತ್ರದ ಪ್ರಯೋಗ, ಇವೆಲ್ಲ ಅವನ ಕೈಯಿಂದ ಆದವು. ದೃಷ್ಟಿಯಿಲ್ಲದ ಪಿಯಾನೊ ವಾದಕಿ ಮರಿಯಾ ತೆರೇಸಿಯಾ ಫಾನ್ ಪಾರಾಡಿಸ್ ಎಂಬ ಯುವತಿ ತನ್ನ ಪತ್ರಗಳನ್ನು ತಾನೇ ಅಚ್ಚೊತ್ತಿಕೊಳ್ಳಲು ಅನುಕೂಲವಾಗುವಂತೆ ಒಂದು ಪುಟ್ಟ ಕೈಮುದ್ರಣ ಯಂತ್ರವನ್ನು ಸಹ ಅವನು ಮಾಡಿಕೊಟ್ಟನು. ಬಿಡುವಿನಲ್ಲಿ ನಾಟಕ ಬರೆದನು, ಚಿತ್ರ ಬಿಡಿಸಿದನು. ಆದರೆ ಅವನನ್ನು ಯೂರೋಪಿನ ಮನೆಮಾತಾಗಿಸಿದ್ದು ಇವು ಯಾವುವೂ ಅಲ್ಲ. ಒಂದು ಪಂಥದ ಮಾತು.

1769ರಲ್ಲಿ ಫ್ರಾನ್ಸಿನ ಜಾದೂಗಾರನೊಬ್ಬನು ಆಸ್ಥಾನದಲ್ಲಿ ಅಯಸ್ಕಾಂತದ ಚಮತ್ಕಾರಗಳನ್ನು ತೋರಿಸಿದನು. ಅವುಗಳ ಮರ್ಮವನ್ನು ವಿವರಿಸುವುದಕ್ಕೆಂದು ರಾಣಿಯು ಕೆಂಪೆಲೆನ್‌ನನ್ನು ಕರೆಸಿಕೊಂಡಿದ್ದಳು. ಆಟ ಮುಗಿದ ಮೇಲೆ ಅವನು, ಇದಕ್ಕಿಂತ ಬೆರಗಿನ ಯಂತ್ರವನ್ನು ತಾನು ಕಟ್ಟಬಲ್ಲೆನೆಂದು ನುಡಿದುಬಿಟ್ಟನು. ಆಡಿದ ಮಾತನ್ನು ಉಳಿಸಿಕೊಳ್ಳಲು ರಾಣಿ ಅವನಿಗೆ ಕಾಲಾವಕಾಶ ಕೊಟ್ಟಳು. ಮರುವರ್ಷ ಅವನು ಅರಮನೆಗೆ ತಂದದ್ದು ಮರದ ಪೆಟ್ಟಿಗೆಯ ಹಿಂದೆ ಕುಳಿತ ಒಬ್ಬ ತುರ್ಕನ ಬೊಂಬೆ. ತಲೆಗೆ ರುಮಾಲು, ಮೈಗೆ ನಿಲುವಂಗಿ, ಎಡಗೈಯಲ್ಲಿ ಉದ್ದನೆಯ ಹೊಗೆಕೊಳವಿ. ಮುಂದೆ ಚದುರಂಗದ ಹಾಸು. ಕೆಂಪೆಲೆನ್ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು, ಒಳಗೆ ಮೇಣದ ಬತ್ತಿಯ ಬೆಳಕು ಹಾಯಿಸಿ, ಗಾಲಿ ಹಲ್ಲುಗಳ ಹೊರತು ಬೇರೇನೂ ಇಲ್ಲವೆಂದು ತೋರಿಸುವನು. ಬಳಿಕ ಕೀಲಿ ಕೊಡುವನು. ಬೊಂಬೆ ತಲೆಯಾಡಿಸಿ, ಎಡಗೈಯನ್ನು ಚಾಚಿ, ಕಾಯಿ ನಡೆಸುವುದು. ಎದುರಾಳಿಗಳನ್ನು ಬಹುಮಟ್ಟಿಗೆ ಸೋಲಿಸುವುದು. ಎದುರಾಳಿ ತಪ್ಪು ನಡೆ ನಡೆಸಿದರೆ ಆ ಕಾಯಿಯನ್ನು ಎತ್ತಿ ಹಿಂದಿನ ಮನೆಗೆ ಇಡುವುದು.

ಆಟ ಮುಗಿದ ಮೇಲೆ ಇನ್ನೊಂದು ವಿನೋದವಿರುತ್ತಿತ್ತು. ಅಕ್ಷರಗಳನ್ನು ಬರೆದ ಹಲಗೆಯೊಂದನ್ನು ಬೊಂಬೆಯ ಮುಂದಿಡುತ್ತಿದ್ದರು. ಪ್ರೇಕ್ಷಕರು ತಮಗೆ ತೋರಿದ ಪ್ರಶ್ನೆಯನ್ನು ಕೇಳಬಹುದು. ತುರ್ಕನು ಅಕ್ಷರಗಳನ್ನು ಒಂದೊಂದಾಗಿ ತೋರಿಸಿ ಉತ್ತರವನ್ನು ಕೂಡಿಸುವನು. ಮನುಷ್ಯರ ಭಾಷೆಯನ್ನು ತಿಳಿದು ಉತ್ತರಿಸುವ ಯಂತ್ರವೊಂದನ್ನು ಜನ ಕಣ್ಣಾರೆ ಕಂಡೆವೆಂದುಕೊಂಡದ್ದು ಹೀಗೆ.

ಆದರೆ ತಿಳಿವು ಯಂತ್ರದ್ದಾಗಿರಲಿಲ್ಲ. ಪೆಟ್ಟಿಗೆಯ ಒಳಗೆ ಚದುರಂಗದಲ್ಲಿ ನಿಪುಣನಾದ ಮನುಷ್ಯನೊಬ್ಬನು ಅಡಗಿ ಕುಳಿತಿರುತ್ತಿದ್ದನು. ಬಾಗಿಲು ತೆರೆಯುವಾಗ ಅವನು ಜಾರುವ ಪೀಠದ ಮೇಲೆ ಅತ್ತಿಂದಿತ್ತ ಸರಿದು ಮರೆಯಾಗುವನು. ಕಾಯಿಗಳ ಅಡಿಯಲ್ಲಿದ್ದ ಅಯಸ್ಕಾಂತಗಳು ಹಾಸಿನ ತಳದ ಗುರುತುಗಳನ್ನು ಸೆಳೆಯುವುದರಿಂದ ಯಾವ ಮನೆಯಲ್ಲಿ ಯಾವ ನಡೆ ಆಯಿತೆಂಬುದು ಅವನಿಗೆ ತಿಳಿಯುವುದು. ಸನ್ನೆಕೋಲುಗಳ ಸಹಾಯದಿಂದ ಅವನು ಬೊಂಬೆಯ ಕೈಯನ್ನು ಆಡಿಸುವನು. ಕತ್ತಲೆಯ ಆ ಗೂಡಿನಲ್ಲಿ ಅವನಿಗೆ ಬೆಳಕು ಕೊಡುತ್ತಿದ್ದುದು ಒಂದು ಮೇಣದ ಬತ್ತಿ. ಅದರ ಹೊಗೆ ತುರ್ಕನ ರುಮಾಲಿನ ಮೂಲಕ ಮೇಲಕ್ಕೆ ಹೋಗುವಂತೆ ದಾರಿ ಮಾಡಲಾಗಿತ್ತು; ಆ ವಾಸನೆ ಸಭೆಗೆ ತಿಳಿಯದಂತೆ ಪೆಟ್ಟಿಗೆಯ ಮೇಲೆ ಬೇರೆ ಬತ್ತಿಗಳನ್ನು ಉರಿಸಲಾಗುತ್ತಿತ್ತು. ಕೆಂಪೆಲೆನ್‌ನ ಕಾಲದಲ್ಲಿ ಒಳಗೆ ಕುಳಿತಿದ್ದವರು ಯಾರೆಂಬುದು ಚರಿತ್ರೆಯಲ್ಲಿ ಉಳಿದು ಬಂದಿಲ್ಲ.

ಈ ಬೊಂಬೆಯ ವಿಷಯದಲ್ಲಿ ಕೆಂಪೆಲೆನ್‌ನಿಗೆ ಅಭಿಮಾನವಿರಲಿಲ್ಲವೆಂಬುದು ಗಮನಾರ್ಹ. ಅದು ಕಣ್ಣಿಗೆ ಭ್ರಾಂತಿ ಹುಟ್ಟಿಸುವ ಒಂದು ಆಟಿಕೆ ಎಂದು ಅವನು ಆಪ್ತರಲ್ಲಿ ಹೇಳಿಕೊಳ್ಳುತ್ತಿದ್ದುದುಂಟು. ಕೆಲಕಾಲ ಪ್ರದರ್ಶಿಸಿ ಅದನ್ನು ಬಿಚ್ಚಿ ಮೂಲೆಗೆ ಹಾಕಿಯೂ ಬಿಟ್ಟಿದ್ದನು. ಆದರೆ 1781ರಲ್ಲಿ ರಷ್ಯದ ಯುವರಾಜ ಪಾವ್ಲನು ವಿಯೆನ್ನಾಕ್ಕೆ ಬಂದಾಗ ಚಕ್ರವರ್ತಿ ಎರಡನೆಯ ಜೋಸೆಫನು ಅದನ್ನು ಮತ್ತೆ ಜೋಡಿಸುವಂತೆ ಆಜ್ಞೆ ಮಾಡಿದನು. ಅತಿಥಿಗಳಿಗೆ ಆದ ಸಂತೋಷವನ್ನು ಕಂಡು, ಯೂರೋಪಿನ ನಗರಗಳಲ್ಲಿ ಅದನ್ನು ಪ್ರದರ್ಶಿಸಲು ಅನುಮತಿಯೂ ದೊರೆಯಿತು. 1783, 1784ರ ಆ ಸಂಚಾರದಲ್ಲಿ ತುರ್ಕನು ಪ್ಯಾರಿಸ್, ಲಂಡನ್, ಲೈಪ್‌ಜಿಗ್ ನಗರಗಳನ್ನು ಕಂಡನು. ಪ್ಯಾರಿಸಿನಲ್ಲಿ ಆ ಕಾಲದ ಚದುರಂಗದ ಚಕ್ರವರ್ತಿ ಫಿಲಿಡೋರ್ ಅವನನ್ನು ಸೋಲಿಸಿದನು. ಲಂಡನ್ನಿನಲ್ಲಿ ಫಿಲಿಪ್ ಥಿಕ್‌ನೆಸ್ ಎಂಬವನು 1784ರಲ್ಲಿ ಒಂದು ಪುಸ್ತಿಕೆ ಬರೆದು, ಇದರೊಳಗೆ ಜೀವಂತ ವ್ಯಕ್ತಿಯೊಬ್ಬನಿರುವನೆಂದು ಸಾರಿದನು. ಆದರೂ ಜನ ಕಿಕ್ಕಿರಿದು ಬರುತ್ತಲೇ ಇದ್ದರು. ಒಳಗೆ ಮನುಷ್ಯನಿರಬಹುದೆಂಬ ಸಂದೇಹವೂ ಆಟದ ರುಚಿಯನ್ನು ಹೆಚ್ಚಿಸುವ ಒಗ್ಗರಣೆಯಾಯಿತು.

ಅದೇ ಸಂಚಾರದಲ್ಲಿ, ಅದೇ ಸಾಮಾನುಗಳ ನಡುವೆ, ಇನ್ನೊಂದು ಸಣ್ಣ ಪೆಟ್ಟಿಗೆಯೂ ಊರೂರಿಗೆ ಹೋಯಿತು. ಅದಕ್ಕೆ ಮುಖವಿರಲಿಲ್ಲ, ರುಮಾಲಿರಲಿಲ್ಲ. ಕೆಂಪೆಲೆನ್‌ನ ನಿಜವಾದ ತಪಸ್ಸು ಆ ಪೆಟ್ಟಿಗೆಯಲ್ಲಿತ್ತು.

ಮನುಷ್ಯನ ಮಾತನ್ನು ಯಂತ್ರದಿಂದ ಹೊರಡಿಸಬೇಕೆಂಬ ಹಂಬಲ ಅವನಿಗೆ ಹುಟ್ಟಿದ್ದೂ 1769ರಲ್ಲಿಯೇ. ಧ್ವನಿಯನ್ನು ಹೋಲುವ ವಾದ್ಯ ಯಾವುದೆಂದು ಅವನು ಹುಡುಕುತ್ತ ಹೋದನು. ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ಹಳ್ಳಿಗರ ಬ್ಯಾಗ್‌ಪೈಪಿನಲ್ಲಿ ಅವನಿಗೆ ಬೇಕಾದ ಸ್ವರ ಸಿಕ್ಕಿತು. ಆ ವಾದ್ಯದ ನಾಲಗೆಯನ್ನು, ಎಂದರೆ ನಮ್ಮ ಹಾರ್ಮೋನಿಯಂ ಪೆಟ್ಟಿಗೆಯ ರೀಡಿನಂತೆ ಗಾಳಿಗೆ ಅದುರುವ ತೆಳುಪಟ್ಟಿಯನ್ನು, ಅಡಿಗೆಮನೆಯ ತಿದಿಗೆ ಕಟ್ಟಿದನು. ಮುಂದಕ್ಕೆ ಕ್ಲಾರಿನೆಟ್ ವಾದ್ಯದ ಅಗಲವಾದ ಬಾಯನ್ನು ಜೋಡಿಸಿದನು. ತಿದಿಯನ್ನು ಒತ್ತುತ್ತ, ಅಂಗೈಯಿಂದ ಆ ಬಾಯನ್ನು ಮುಚ್ಚಿ ತೆರೆದಾಗ ಸ್ವರಾಕ್ಷರಗಳನ್ನು ಹೋಲುವ ಧ್ವನಿಗಳು ಹೊರಟವು.

ಎರಡನೆಯ ಪ್ರಯತ್ನದಲ್ಲಿ ಅವನು ವರ್ಣಕ್ಕೊಂದರಂತೆ ಬೇರೆ ಬೇರೆ ಕೊಳವೆಗಳನ್ನು ಮಾಡಿ, ಅವುಗಳನ್ನು ಒತ್ತುಮಣೆಗಳಿಗೆ ಹೊಂದಿಸಿದನು. ಅಕ್ಷರಗಳನ್ನು ಸಾಲಾಗಿ ಒತ್ತಿದರೆ ಶಬ್ದವಾಗುವುದೆಂಬುದು ಅವನ ನಂಬಿಕೆ. ಮಾಮಾ, ಪಾಪಾ ಎಂಬಂತಹ ಕೆಲವು ಶಬ್ದಗಳು ಬಂದವು, ನಿಜ. ಆದರೆ ಅವು ನುಡಿಯಾಗಿ ಕೇಳಿಸಲಿಲ್ಲ. ಒಂದೊಂದು ವರ್ಣವೂ ತನ್ನಷ್ಟಕ್ಕೆ ತಾನು ಸಿಡಿದು ನಿಲ್ಲುತ್ತಿತ್ತು. ಈ ಸೋಲಿನಿಂದ ಅವನಿಗೆ ಒಂದು ದೊಡ್ಡ ಸತ್ಯ ಹೊಳೆಯಿತು. ಮಾತು ಎಂಬುದು ಬಿಡಿ ಅಕ್ಷರಗಳನ್ನು ಪೋಣಿಸಿದ ಸರವಲ್ಲ. ಒಂದೇ ಗಂಟಲು, ಒಂದೇ ಬಾಯಿ. ಅದೇ ಬಾಯಿ ಒಂದು ಆಕಾರದಿಂದ ಇನ್ನೊಂದು ಆಕಾರಕ್ಕೆ ತಡೆಯಿಲ್ಲದೆ ಹೊರಳುತ್ತ ಹೋಗುವಾಗ ಉಂಟಾಗುವ ಪ್ರವಾಹವೇ ಮಾತು. ಮಗುವಿಗೆ ಓದು ಕಲಿಸುವಾಗ ಅಕ್ಷರ ಅಕ್ಷರವನ್ನು ಬಿಡಿಸಿ ಹೇಳಿಸುವ ಉಪಾಧ್ಯಾಯನಿಗೆ ಇದರ ಅನುಭವವಿದ್ದೇ ಇದೆ. ಬಿಡಿಸಿ ಹೇಳುತ್ತಿದ್ದ ಮಗು ಕೂಡಿಸಿ ಹೇಳುವ ಆ ಕ್ಷಣದಲ್ಲಿ ಪದ ಹುಟ್ಟುತ್ತದೆ.

ವರ್ಷಗಟ್ಟಲೆಯ ಶ್ರಮವನ್ನು ಬದಿಗಿಟ್ಟು ಅವನು ಮೊದಲಿನಿಂದ ಆರಂಭಿಸಿದನು. ಮೂರನೆಯ ಯಂತ್ರದಲ್ಲಿ ಮನುಷ್ಯದೇಹವನ್ನೇ ಮಾದರಿಯಾಗಿ ಹಿಡಿದನು. ಶ್ವಾಸಕೋಶದ ಸ್ಥಾನದಲ್ಲಿ ತಿದಿ. ಅದನ್ನು ಬಲಗೈಯ ಮೊಳಕೈಯಿಂದ ಅದುಮಬೇಕು. ಗಂಟಲಿನ ಸ್ಥಾನದಲ್ಲಿ ದಂತದ ತೆಳು ನಾಲಗೆ. ಬಾಯ ಸ್ಥಾನದಲ್ಲಿ ರಬ್ಬರಿನ ಒಂದು ಆಲಿಕೆ. ಎಡಗೈಯ ಅಂಗೈ ಅದರ ಮುಂದೆ ನಿಂತು ತುಟಿ ನಾಲಗೆಗಳ ಕೆಲಸವನ್ನೆಲ್ಲ ಮಾಡಬೇಕು. ಮೂಗಿನ ಹೊಳ್ಳೆಗಳಾಗಿ ಎರಡು ಸಣ್ಣ ಕೊಳವೆಗಳು. ಬಲಗೈಯ ಬೆರಳುಗಳು ಅವನ್ನು ಮುಚ್ಚಿಕೊಂಡಿರಬೇಕು. ಬಾಯಿ ಮುಚ್ಚಿ ಹೊಳ್ಳೆ ತೆರೆದರೆ ಮಕಾರ. ಬಾಯಿ ಹೊಳ್ಳೆ ಎರಡನ್ನೂ ಮುಚ್ಚಿ, ಗಾಳಿ ಒತ್ತರಿಸಿದ ಮೇಲೆ ಬಾಯನ್ನು ಥಟ್ಟನೆ ತೆರೆದರೆ ಪಕಾರ. ಸಕಾರ, ಶಕಾರಗಳಿಗೆ ಬೇರೆ ಸೀಟಿಗಳು. ರಕಾರಕ್ಕೆ ಅದುರುವ ನಾಲಗೆಯ ಮೇಲೆ ಬಡಿಯುವ ಒಂದು ತಂತಿ.

ನಮ್ಮ ವರ್ಣಮಾಲೆಯನ್ನು ಕಲಿತವರಿಗೆ ಇದೆಲ್ಲ ಪರಿಚಯದ ಮಾತೇ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂಬ ಸ್ಥಾನಭೇದಗಳ ಮೇಲೆಯೇ ನಮ್ಮ ಅಕ್ಷರಗಳ ಸಾಲು ನಿಂತಿದೆ. ಪ್ರತಿಯೊಂದು ವರ್ಗದ ಕೊನೆಯಲ್ಲಿಯೂ ಅನುನಾಸಿಕ ಕಾದು ಕುಳಿತಿದೆ. ಹದಿಮೂರನೆಯ ಶತಮಾನದ ನಮ್ಮ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧ್ವನಿಯ ಹುಟ್ಟನ್ನು ಹೇಳುವಾಗ ಕಹಳೆಯ ಹೋಲಿಕೆಯನ್ನೇ ತಂದಿದ್ದಾನೆ. ಅವನು ಎಣಿಸುವ ಕಾರಣಗಳಲ್ಲಿ ಗಾಳಿಯ ಜೊತೆಗೆ ಜೀವದ ಇಚ್ಛೆಯೂ ಒಂದು. ಕೆಂಪೆಲೆನ್‌ನಿಗೆ ಈ ಗ್ರಂಥದ ಸುಳಿವೂ ಇರಲಿಲ್ಲ. ಆದರೂ ಕಹಳೆಯಂತಹ ವಾದ್ಯ, ಅನುಕೂಲವಾದ ಗಾಳಿ, ಇವೆರಡನ್ನೂ ಅವನು ತನ್ನ ದಾರಿಯಲ್ಲಿ ತಾನೇ ಕಂಡುಕೊಂಡನು. ಮೂರನೆಯದಾದ ಇಚ್ಛೆ ಮಾತ್ರ ಯಂತ್ರದಲ್ಲಿರಲಿಲ್ಲ. ಅದು ತಿದಿಯನ್ನು ಒತ್ತುವ ಅವನ ಮೊಳಕೈಯಲ್ಲಿತ್ತು. ಇದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ.

ಯಂತ್ರದ ಧ್ವನಿ ಮೂರು ನಾಲ್ಕು ವರ್ಷದ ಮಗುವಿನ ಧ್ವನಿಯಂತಿತ್ತೆಂದು ಕೇಳಿದವರು ಬರೆದಿದ್ದಾರೆ. ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಭಾಷೆಗಳ ಶಬ್ದಗಳನ್ನು ಅದು ಸುಲಭವಾಗಿ ನುಡಿಯುತ್ತಿತ್ತು. ಒತ್ತಕ್ಷರಗಳ ಇಕ್ಕಟ್ಟು ಹೆಚ್ಚಾದ ಜರ್ಮನ್ ಮಾತ್ರ ಅದಕ್ಕೆ ಕಷ್ಟವಾಗುತ್ತಿತ್ತು. ಅದನ್ನು ಕಟ್ಟಿದವನ ಮನೆಮಾತು ಜರ್ಮನ್ ಎಂಬುದು ವಿಧಿಯ ಪರಿಹಾಸ್ಯ. ಸ್ವರದ ಏರಿಳಿತ ಅದಕ್ಕೆ ಬಾರದು. ತಕಾರ ಕಕಾರಗಳು ಸರಿಯಾಗಿ ಹೊರಡವು; ಪಕಾರವನ್ನೇ ಹೋಲುವ ಧ್ವನಿಯಿಂದ ಅವುಗಳ ಕೆಲಸ ಸಾಗಿಸಬೇಕಾಗಿತ್ತು. ಮಗುವಿನ ದನಿಯಾದುದರಿಂದ ಕೇಳುವವರು ಉಚ್ಚಾರಣೆಯ ದೋಷಗಳನ್ನು ಮನ್ನಿಸಿಬಿಡುತ್ತಾರೆಂಬುದು ಕೆಂಪೆಲೆನ್‌ಗೆ ಚೆನ್ನಾಗಿ ತಿಳಿದಿತ್ತು. ಮಾತು ಅರ್ಧ ಬಾಯಲ್ಲಿ ಹುಟ್ಟಿದರೆ ಇನ್ನರ್ಧ ಕೇಳುವವನ ಕಿವಿಯಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಆ ಕಾಲದಲ್ಲಿ ಈ ಹಂಬಲ ಅವನೊಬ್ಬನದೇ ಆಗಿರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಂಸ್ಥೆ ಸ್ವರಾಕ್ಷರಗಳ ಗುಟ್ಟನ್ನು ಕುರಿತು ಸ್ಪರ್ಧೆಯನ್ನೇ ಏರ್ಪಡಿಸಿತ್ತು. ಐದು ಸ್ವರಗಳನ್ನು ನುಡಿಸುವ ಕೊಳವೆಗಳನ್ನು ಮಾಡಿದ ಕ್ರಾಟ್ಸೆನ್‌ಸ್ಟೈನ್ ಎಂಬ ವಿದ್ವಾಂಸನಿಗೆ 1780ರಲ್ಲಿ ಬಹುಮಾನ ಬಂದಿತು. ಆದರೆ ಸ್ವರಗಳನ್ನು ಬಿಡಿಯಾಗಿ ನುಡಿಸುವುದು ಬೇರೆ, ಸ್ವರ ವ್ಯಂಜನಗಳು ಕೂಡಿದ ಇಡಿಯ ಶಬ್ದವನ್ನು ಆಡಿಸುವುದು ಬೇರೆ. ಎರಡನೆಯದನ್ನು ಸಾಧಿಸಿದ ಕೀರ್ತಿ ಕೆಂಪೆಲೆನ್‌ನದು.

1791ರಲ್ಲಿ, ಇಪ್ಪತ್ತೆರಡು ವರ್ಷಗಳ ದುಡಿಮೆಯ ಫಲವಾಗಿ, ಮನುಷ್ಯನ ಮಾತಿನ ರಚನೆಯನ್ನೂ ತನ್ನ ಮಾತನಾಡುವ ಯಂತ್ರವನ್ನೂ ವಿವರಿಸುವ ಅವನ ಗ್ರಂಥ ವಿಯೆನ್ನಾದಲ್ಲಿ ಪ್ರಕಟವಾಯಿತು. ಭಾಷೆಯ ಉಗಮ, ಮಾತಿನ ಅಂಗಗಳು, ಯೂರೋಪಿನ ಭಾಷೆಗಳ ಒಂದೊಂದು ಧ್ವನಿಯೂ ಹುಟ್ಟುವ ಬಗೆ, ಕೊನೆಗೆ ಯಂತ್ರದ ವಿವರ, ಇವುಗಳನ್ನು ಅವನು ಚಿತ್ರಸಹಿತವಾಗಿ ನಿರೂಪಿಸಿದನು. ಧ್ವನಿಶಾಸ್ತ್ರದ ಚರಿತ್ರೆಯಲ್ಲಿ ಈ ಗ್ರಂಥಕ್ಕೆ ಗೌರವದ ಸ್ಥಾನವಿದೆ. ಯಂತ್ರದ ಪ್ರತಿಯೊಂದು ಕೀಲನ್ನೂ ಅಳತೆಯನ್ನೂ ಅವನು ಬಿಚ್ಚಿ ತೋರಿಸಿದನು. ಅದರ ನ್ಯೂನತೆಗಳನ್ನೂ ಹೇಳಿದನು. ಮುಂದೆ ಬರುವವರು ಇದನ್ನು ಪೂರ್ಣಗೊಳಿಸಲೆಂದು ಹಾರೈಸಿದನು. ಚದುರಂಗದ ಬೊಂಬೆಯ ಗುಟ್ಟನ್ನು ಮಾತ್ರ ಅವನು ಕಡೆಯವರೆಗೂ ಅಚ್ಚಿಗೆ ಕೊಡಲಿಲ್ಲ. ಒಬ್ಬನೇ ಮನುಷ್ಯನು ಒಂದು ಪೆಟ್ಟಿಗೆಯನ್ನು ಬೀಗ ಹಾಕಿ ಕಾಯುತ್ತ, ಇನ್ನೊಂದನ್ನು ಲೋಕದ ಮುಂದೆ ತೆರೆದಿಟ್ಟನು. ತೆರೆದಿಟ್ಟುದರ ಕಡೆಗೆ ನೋಡಿದವರು ಕೆಲವರು. ಬೀಗ ಹಾಕಿದ್ದರ ಸುತ್ತ ನೆರೆದವರು ಸಾವಿರಾರು. ತುರ್ಕನ ಮೋಸವನ್ನು ಶಂಕಿಸಿದವರಲ್ಲಿ ಕೆಲವರು ಮಾತಿನ ಯಂತ್ರವನ್ನೂ ಅದೇ ಕಣ್ಣಿನಿಂದ ನೋಡಿದ್ದು ಸಹಜವೇ. ತಮಾಷೆಗೆಂದು ಮಾಡಿದ ಒಂದು ಸುಳ್ಳು, ಬಾಳೆಲ್ಲ ದುಡಿದು ಕಂಡ ಸತ್ಯದ ಮೇಲೆ ನೆರಳು ಚೆಲ್ಲಿತು.

1798ರಲ್ಲಿ ನಿವೃತ್ತನಾದ ಕೆಂಪೆಲೆನ್ 1804ನೆಯ ಇಸವಿ ಮಾರ್ಚ್ 26ರಂದು ವಿಯೆನ್ನಾದಲ್ಲಿ ತೀರಿಕೊಂಡನು. ಆಗ ಅವನಿಗೆ ಎಪ್ಪತ್ತು ವರ್ಷ.

ಅವನ ಮಗನಿಂದ ತುರ್ಕನನ್ನು ಕೊಂಡವನು ಮೇಲ್ಟ್ಸೆಲ್ ಎಂಬ ಯಂತ್ರಕುಶಲಿ. 1809ರಲ್ಲಿ ನೆಪೋಲಿಯನ್ ಚಕ್ರವರ್ತಿ ಆ ಬೊಂಬೆಯೊಡನೆ ಆಡಿದನು. ಗಣಕಯಂತ್ರದ ಮೂಲ ಕಲ್ಪನೆಯನ್ನು ಕೊಟ್ಟ ಚಾರ್ಲ್ಸ್ ಬ್ಯಾಬೇಜ್ ಸಹ 1820ರಲ್ಲಿ ಅದರೆದುರು ಕುಳಿತು ಸೋತನು. ರಾಜನಿಗೆ ಷಹ ಕೊಡುವಾಗ ಫ್ರೆಂಚ್ ಭಾಷೆಯಲ್ಲಿ ಹಾಗೆಂದು ನುಡಿಯುವ ಧ್ವನಿಪೆಟ್ಟಿಗೆಯೊಂದನ್ನು ಮೇಲ್ಟ್ಸೆಲ್ ಬೊಂಬೆಯೊಳಗೆ ಇರಿಸಿದನು. ಕೆಂಪೆಲೆನ್ ಬೇರೆ ಬೇರೆಯಾಗಿಯೇ ಇರಿಸಿದ್ದ ಎರಡು ಕನಸುಗಳು, ಅವನು ಸತ್ತ ಮೇಲೆ ಹೀಗೆ ಒಂದೇ ಗೊಂಬೆಯ ಬಾಯಲ್ಲಿ ಕೂಡಿಕೊಂಡವು. ಅಮೆರಿಕದಲ್ಲಿ ಎಡ್ಗರ್ ಆಲನ್ ಪೋ 1836ರಲ್ಲಿ ಪ್ರಬಂಧವೊಂದನ್ನು ಬರೆದು, ಒಳಗೆ ಮನುಷ್ಯನಿರಲೇಬೇಕೆಂದು ವಾದಿಸಿದನು. 1854ನೆಯ ಇಸವಿ ಜುಲೈ 5ರಂದು ಫಿಲಡೆಲ್ಫಿಯಾದ ವಸ್ತುಸಂಗ್ರಹಾಲಯಕ್ಕೆ ಬೆಂಕಿ ತಾಗಿ ತುರ್ಕನು ಸುಟ್ಟು ಬೂದಿಯಾದನು.

ಮಾತಿನ ಯಂತ್ರದ ಸಂತತಿ ಮಾತ್ರ ಸುಡಲಿಲ್ಲ. ಅದು ಪುಸ್ತಕದಲ್ಲಿ ಉಳಿದಿತ್ತಷ್ಟೆ. ಆ ವಿವರಣೆಯನ್ನು ಹಿಡಿದು ಇಂಗ್ಲೆಂಡಿನ ಚಾರ್ಲ್ಸ್ ವ್ಹೀಟ್‌ಸ್ಟನ್ ಇನ್ನೊಂದು ಯಂತ್ರವನ್ನು ಕಟ್ಟಿ 1835ರಲ್ಲಿ ಡಬ್ಲಿನ್ ನಗರದ ವಿಜ್ಞಾನಿಗಳ ಸಭೆಯಲ್ಲಿ ತೋರಿಸಿದನು. 1863ರಲ್ಲಿ ಹದಿನಾರು ವರ್ಷದ ಹುಡುಗನೊಬ್ಬನು ತಂದೆಯ ಜೊತೆಯಲ್ಲಿ ಬಂದು ಆ ಯಂತ್ರದ ಮಾತನ್ನು ಕೇಳಿದನು. ಕೆಂಪೆಲೆನ್‌ನ ಗ್ರಂಥವನ್ನು ಓದಿದನು. ಮನೆಗೆ ಹೋಗಿ ಅಣ್ಣನೊಡನೆ ಸೇರಿ ತಾನೂ ಒಂದು ಮಾತನಾಡುವ ತಲೆಯನ್ನು ಮಾಡಿದನು. ಆ ಹುಡುಗ ಅಲೆಕ್ಸಾಂಡರ್ ಗ್ರಹಾಂ ಬೆಲ್. 1876ರಲ್ಲಿ ದೂರವಾಣಿಯ ಹಕ್ಕುಪತ್ರ ಪಡೆದವನು ಅವನೇ. ಮುಂದೆ 1939ರಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ವಿದ್ಯುತ್ತಿನಿಂದ ನುಡಿಯುವ ವೋಡರ್ ಎಂಬ ಯಂತ್ರವನ್ನು ನ್ಯೂಯಾರ್ಕಿನ ಜಾಗತಿಕ ಪ್ರದರ್ಶನದಲ್ಲಿ ಲೋಕಕ್ಕೆ ಕೇಳಿಸಿದನು. ಅಲ್ಲಿಯೂ ತರಬೇತಿ ಹೊಂದಿದ ಯುವತಿಯರು ಒತ್ತುಮಣೆಗಳ ಮುಂದೆ ಕುಳಿತು ಬೆರಳುಗಳಿಂದ ಮಾತನ್ನು ನುಡಿಸಬೇಕಾಗಿತ್ತು. ಆ ಬೆರಳುಗಳೂ ಇಲ್ಲದೆ ನುಡಿಯುವ ಇಂದಿನ ಯಂತ್ರಗಳು ಈ ವಂಶದ ಕಿರಿಯ ಕುಡಿಗಳು. ಕೆಂಪೆಲೆನ್‌ನದೆಂದು ಹೇಳಲಾಗುವ ಒಂದು ಯಂತ್ರ ಮ್ಯೂನಿಕ್ ನಗರದ ಡಾಯ್ಚಸ್ ವಸ್ತುಸಂಗ್ರಹಾಲಯದಲ್ಲಿದೆ.

ತುರ್ಕನ ಹೆಸರೂ ಸಂಪೂರ್ಣವಾಗಿ ಅಳಿದಿಲ್ಲ. ಯಂತ್ರಗಳಿಗೆ ಸುಲಭಸಾಧ್ಯವಲ್ಲದ ಸಣ್ಣಪುಟ್ಟ ಕೆಲಸಗಳನ್ನು ದೂರದಲ್ಲಿರುವ ಅಜ್ಞಾತ ಜನರಿಂದ ಕೂಲಿ ಕೊಟ್ಟು ಮಾಡಿಸುವ ಏರ್ಪಾಡೊಂದನ್ನು ಅಮೆಜಾನ್ ಸಂಸ್ಥೆ 2005ರಲ್ಲಿ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ಮೆಕ್ಯಾನಿಕಲ್ ಟರ್ಕ್, ಅಂದರೆ ಯಾಂತ್ರಿಕ ತುರ್ಕ. ಭಾಷೆಯನ್ನು ತಿಳಿಯುವ ಯಂತ್ರಗಳಿಗೆ ಪಾಠ ಹೇಳಲು ಬೇಕಾದ ವಾಕ್ಯಗಳನ್ನು ವಿಂಗಡಿಸಿ, ತಿದ್ದಿ, ಗುರುತು ಹಾಕಿಕೊಟ್ಟವರಲ್ಲಿ ಇಂತಹ ಜನರೂ ಇದ್ದಾರೆ. ಇಂದಿನ ಯಂತ್ರದ ಪೆಟ್ಟಿಗೆಯೊಳಗೆ ಯಾರೂ ಕುಳಿತಿಲ್ಲ, ನಿಜ. ಆದರೆ ಅದು ಆಡುವ ಮಾತೆಲ್ಲ ಅಸಂಖ್ಯಾತ ಮನುಷ್ಯರು ಆಡಿದ, ಬರೆದ ಮಾತುಗಳಿಂದ ಕಲಿತದ್ದು. ಅದು ಕನ್ನಡ ನುಡಿದರೆ ಆ ಕನ್ನಡ ಯಾವುದೋ ತಾಯಿಯ, ಯಾವುದೋ ಗುರುವಿನ, ಯಾವುದೋ ಲೇಖಕನ ಬಾಯಿಂದ ಬಂದದ್ದೇ ಆಗಿರುತ್ತದೆ.

ಆದುದರಿಂದ ಯಂತ್ರವೊಂದು ಮಾತನಾಡಿದಾಗ ನಾವು ಕೇಳಬೇಕಾದ ಪ್ರಶ್ನೆಯನ್ನು ಕೆಂಪೆಲೆನ್‌ನ ಬಾಳು ಸ್ಪಷ್ಟಪಡಿಸುತ್ತದೆ. ಅದು ಎಷ್ಟು ಚೆನ್ನಾಗಿ ನುಡಿಯಿತು ಎಂಬುದು ಎರಡನೆಯ ಮಾತು. ಆ ನುಡಿಗೆ ಗಾಳಿ ಎಲ್ಲಿಂದ ಬಂದಿತು, ಇಚ್ಛೆ ಯಾರದು, ಅದನ್ನು ಕಟ್ಟಿದವನು ಬಾಗಿಲು ತೆರೆದು ತೋರಿಸಲು ಸಿದ್ಧನೇ ಎಂಬುದು ಮೊದಲ ಮಾತು. ಮನುಷ್ಯನನ್ನು ಒಳಗೆ ಬಚ್ಚಿಟ್ಟ ಯಂತ್ರ ತನ್ನ ಕಾಲದ ಚಪ್ಪಾಳೆಯನ್ನು ಪಡೆದು ಬೂದಿಯಾಯಿತು. ಮನುಷ್ಯನ ಮೊಳಕೈಯನ್ನು ಮರೆಮಾಚದೆ, ಮಗುವಿನ ದನಿಯಲ್ಲಿ ತೊದಲಿದ ಯಂತ್ರ ಮುಂದಿನವರಿಗೆ ದಾರಿಯಾಯಿತು.